ಬದುವಿನ ಮೇಲಿನ ಹನ್ನೊಂದು ಗಿಡ

ದೇಶದ ಮರಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಬೇಕೆಂದು ತೀರ್ಮಾನವಾದಾಗ, ಆ ಲೆಕ್ಕದ ರೀತಿಯನ್ನು ಗೊತ್ತುಮಾಡಲು ಕೂತ ಏಳು ಮಂದಿಯಲ್ಲಿ ಹಾವೇರಿಯ ವಿಜಯೇಂದ್ರನೂ ಒಬ್ಬನಾಗಿದ್ದ. ಇಪ್ಪತ್ತಾರು ವರ್ಷ ಒಂದಲ್ಲ ಒಂದು ರಾಜ್ಯದ ಕಾಡಿನಲ್ಲಿ ಟೇಪು ಹಿಡಿದು ಓಡಾಡಿದವನು. ಮಾತು ಕಡಿಮೆ, ಹಟ ಹೆಚ್ಚು. ಮರ ಎಣಿಸುವುದೆಂದರೆ ಏನೆಂದು ಯಾರಾದರೂ ಕೇಳಿದರೆ, ಅನ್ನ ಬೆಂದಿದೆಯೋ ಇಲ್ಲವೋ ಎಂದು ಅಗುಳು ಹಿಚುಕಿ ನೋಡಿದ ಹಾಗೆ, ಎಂದು ಹೇಳುತ್ತಿದ್ದ. ಎಲ್ಲ ಮರಗಳನ್ನೂ ಯಾರೂ ಎಣಿಸಲಾರರು. ನಕ್ಷೆಯ ಮೇಲೆ ಚೌಕಗಳನ್ನು ಎಳೆದು, ಒಂದೊಂದು ಚೌಕದಲ್ಲೂ ಚೀಟಿ ಎತ್ತಿದಂತೆ ಒಂದೊಂದು ಜಾಗ ಆರಿಸಿ, ಅಲ್ಲಿ ಹೋಗಿ ಇರುವುದನ್ನು ಇದ್ದ ಹಾಗೆ ಬರೆದುಕೊಂಡು ಬರುವುದು. ಆದರೆ ಯಾವ ಅಗುಳನ್ನು ಹಿಚುಕಬೇಕೆಂದು ನಮ್ಮ ಕೈ ಆರಿಸಬಾರದು. ಅಷ್ಟೇ ಇದರ ಧರ್ಮ.

ಆ ಏಳು ಮಂದಿಯ ಸಭೆಗಳಲ್ಲಿ ವಿಜಯೇಂದ್ರ ಮೂರು ಮಾತಿಗಾಗಿ ಜಗಳಾಡಿದ್ದ. ಕಾಡಿನೊಳಗಿನ ಮರ ಮಾತ್ರವಲ್ಲ, ಹೊಲದ ಬದುವಿನ ಮೇಲಿರುವ ಮರವನ್ನೂ ಅಳೆಯಬೇಕು. ಒಮ್ಮೆ ಅಳೆದ ಜಾಗಕ್ಕೆ ಐದು ವರ್ಷಕ್ಕೊಮ್ಮೆ ಮತ್ತೆ ಬಂದು ಅಳೆಯಬೇಕು, ಅದಕ್ಕಾಗಿ ನೇಗಿಲಿಗೆ ಸಿಗದಷ್ಟು ಆಳದಲ್ಲಿ ಒಂದು ಕಬ್ಬಿಣದ ಗೂಟ ಹೂಳಬೇಕು. ಮೂರನೆಯದು, ಆ ಜಾಗ ಯಾವುದು, ಅಲ್ಲಿ ಏನಿದೆ ಎಂಬುದನ್ನು ಕಚೇರಿಯ ಹೊರಗಿನ ಯಾರಿಗೂ, ಯಾವ ಕಾರಣಕ್ಕೂ ಕೊಡಬಾರದು. ಜಾಗ ಗೊತ್ತಾದರೆ ಒಬ್ಬ ಅಲ್ಲಿ ಸಸಿ ನೆಟ್ಟಾನು, ಇನ್ನೊಬ್ಬ ಕಡಿದಾನು. ಎರಡರಿಂದಲೂ ಲೆಕ್ಕ ಕೆಟ್ಟ ಹಾಗೆಯೇ. ಮೂರಕ್ಕೂ ಒಪ್ಪಿಗೆ ಸಿಕ್ಕಿತು. ಮೂರನೆಯ ನಿಯಮದ ಒಕ್ಕಣೆಯನ್ನಂತೂ ಅವನೇ ಬರೆದುಕೊಟ್ಟಿದ್ದ.

ಅಳೆಯುವ ಹಂತ ಬಂದಾಗ ಅವನು ತನ್ನ ಜಿಲ್ಲೆಯನ್ನೇ ಕೇಳಿ ಪಡೆದ. ಹೆಂಡತಿ ಹರಿಪ್ರಿಯಾ ಹಾವೇರಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಇಷ್ಟು ವರ್ಷದ ಮೇಲಾದರೂ ರಾತ್ರಿ ಮನೆಯ ಅನ್ನ ಉಣ್ಣಲಿ ಎಂದು ಅವಳಿಗೂ ಇತ್ತು. ಅವನ ತಂಡದಲ್ಲಿ ಇದ್ದವರು ಇಬ್ಬರು. ಅಳತೆಗಳನ್ನು ಟ್ಯಾಬಿನಲ್ಲಿ ತುಂಬುವ ಶಶಿಕಾಂತ, ಎರಡು ಮಕ್ಕಳ ತಂದೆ, ಗುತ್ತಿಗೆಯ ನೌಕರ. ಇನ್ನೊಬ್ಬ ಐರಣಿಯ ಅಲ್ಲಾವುದ್ದೀನ, ತನ್ನ ಸ್ವಂತ ಜೀಪನ್ನು ಬಾಡಿಗೆಗೆ ಬಿಟ್ಟು ತಾನೇ ಓಡಿಸುವವನು. ಜೀಪು ಓಡಿಸುವುದಷ್ಟೇ ಅವನ ಕೆಲಸವಾದರೂ ಟೇಪಿನ ತುದಿ ಹಿಡಿಯಲು ತಾನೇ ಇಳಿದು ಬರುತ್ತಿದ್ದ.

ಜನವರಿಯ ಎರಡನೆಯ ವಾರ ಅವರಿಗೆ ಬಂದ ಜಾಗ ಮೋಟೆಬೆನ್ನೂರಿನಿಂದ ಎರಡು ಮೈಲಿ ಒಳಗೆ, ಕರಿಮಣ್ಣಿನ ಒಂದು ಹೊಲದಲ್ಲಿ ಬಿದ್ದಿತ್ತು. ಮೆಣಸಿನಕಾಯಿ ಹಣ್ಣಾಗಿ ಕೊಯ್ಲು ನಡೆದಿತ್ತು. ಹೊಲದ ಒಡೆಯ ಪ್ರಭುಲಿಂಗಪ್ಪ ಚೀಲಗಳನ್ನು ಹೇರಿಕೊಂಡು ಬ್ಯಾಡಗಿಯ ಪೇಟೆಗೆ ಹೋಗಿದ್ದ. ಅವನ ಹೆಂಡತಿ ಹೊನ್ನವ್ವ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಆಳುಗಳ ಜೊತೆ ಕಾಯಿ ಬಿಡಿಸುತ್ತಿದ್ದಳು. ವಿಜಯೇಂದ್ರ ತನ್ನ ಗುರುತಿನ ಚೀಟಿ ತೋರಿಸಿ, ಬಂದ ಕೆಲಸ ಹೇಳಿ, ಅಪ್ಪಣೆ ಕೇಳಿದ. ಅವಳು ಬೇಡವೆನ್ನಲಿಲ್ಲ. ಬಿಸಿಲಾಗ ಬಂದೀರಿ ಎಂದು ಮೂವರಿಗೂ ಮಜ್ಜಿಗೆ ಕೊಟ್ಟಳು. ಗೂಟ ಹೂಳಿ, ಹದಿನೆಂಟು ಮೀಟರಿನ ಟೇಪು ಹಿಡಿದು ಸುತ್ತ ಒಂದು ವೃತ್ತ ಗುರುತಿಸುವುದನ್ನು ಸೆರಗು ಸಿಕ್ಕಿಸಿಕೊಂಡು ನೋಡುತ್ತ ನಿಂತಳು. ವೃತ್ತದ ಒಂದು ಕಡೆ ಬದುವನ್ನು ದಾಟಿ ಹೋಗಿತ್ತು. ಬದುವಿನ ಮೇಲೆ ಎರಡು ಬೇವು, ಒಂದು ಬನ್ನಿ, ಆಳೆತ್ತರ ಒಟ್ಟಿದ ಜಾಲಿಮುಳ್ಳು. ಮುಳ್ಳನ್ನು ಸರಿಸಿ ಒಳಗೆ ನೋಡಿದ ವಿಜಯೇಂದ್ರ ಅಲ್ಲೇ ನಿಂತುಬಿಟ್ಟ.

ಮುಳ್ಳಿನ ಹಿಂದೆ ಸಾಲಾಗಿ ಗಂಧದ ಗಿಡಗಳಿದ್ದವು. ಕಾಂಡಕ್ಕೆಲ್ಲ ಸೆಗಣಿ ಬಳಿದಿತ್ತು. ಕೆಳಗಿನ ಟೊಂಗೆಗಳನ್ನು ಬೇಕೆಂದೇ ಸವರದೆ ಬಿಟ್ಟಿದ್ದರಿಂದ ದೂರದಿಂದ ಬರೀ ಪೊದೆಯಂತೆ ಕಾಣುತ್ತಿದ್ದವು. ಎಣಿಸಿದರೆ ಹನ್ನೊಂದು.

ಹೊನ್ನವ್ವನ ಮುಖ ಬದಲಾಯಿತು. ಅವಳು ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: "ಅವು ಗಿಡಾ ಬರಕೋಬ್ಯಾಡ್ರಿ ಸಾಹೇಬ್ರ. ಬೇವಿನ ಗಿಡಾ ಬರಕೋರಿ, ಬನ್ನಿ ಬರಕೋರಿ. ಅವು ಮಾತ್ರ ಬ್ಯಾಡ."

ಯಾಕೆಂದು ಅವನು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ಅವನು ಮುಂದೆ ಎಷ್ಟೋ ದಿನ ನೆನೆದ. "ಅವನ್ನ ನಾವು ಹಚ್ಚಿಲ್ರಿ, ಹಕ್ಕಿ ತಂದು ಹಾಕಿದ್ದು. ಇಪ್ಪತ್ತು ವರ್ಷಾತು, ಮನ್ಯಾಗೂ ನಾವು ಅವುಕ್ಕ ಹೆಸರು ಹಿಡಿದು ಮಾತಾಡಿಲ್ಲ. ಹೆಸರು ಹಿಡಿದ್ರ ಮತ್ತೊಬ್ಬರು ಕೇಳ್ತಾರ."

ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಆ ಗಿಡಗಳ ನಮೂದಿರಲಿಲ್ಲ. ನಮೂದು ಮಾಡಿಸಲು ನಾಲ್ಕು ಕಚೇರಿ ತಿರುಗಬೇಕು. ತಿರುಗಿದಲ್ಲೆಲ್ಲ ನಾಲ್ಕು ಮಂದಿಗೆ ಗೊತ್ತಾಗಬೇಕು. ಅದಕ್ಕೇ ಗಂಡಹೆಂಡತಿ ಸುಮ್ಮನಿದ್ದರು. ಮಾರುವ ವಿಚಾರವೂ ಅವರಿಗಿದ್ದಂತೆ ಕಾಣಲಿಲ್ಲ. ಮೊದಮೊದಲು ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು, ಮನೆಗೆ ಬಂದ ಮಕ್ಕಳ ಹಾಗೆ ನೋಡಿಕೊಂಡೆವು ಎಂದಷ್ಟೇ ಹೇಳಿದಳು.

ಶಶಿಕಾಂತ ಮೆಲ್ಲಗೆ, ಸರ್, ಇತರೆ ಜಾತಿ ಎಂದು ಹಾಕಿಬಿಡೋಣ, ಆ ಕಾಲಂ ಇದ್ದೇ ಇದೆ, ಎಂದ. ಹಾಕಬಹುದಿತ್ತು. ಆದರೆ ವಿಜಯೇಂದ್ರನ ಇಪ್ಪತ್ತಾರು ವರ್ಷ ಆ ಕಾಲಂನ ವಿರುದ್ಧವೇ ಕಳೆದಿತ್ತು. ಇಲ್ಲಿಯ ಒಂದು ಗಿಡ ಲೆಕ್ಕದಲ್ಲಿ ಸಾವಿರಾರು ಗಿಡಗಳ ಪರವಾಗಿ ನಿಲ್ಲುತ್ತದೆ. ರೈತರ ಬದುವಿನಲ್ಲಿ ಗಂಧ ತಾನಾಗಿ ಉಳಿದಿದೆಯೋ ಇಲ್ಲವೋ ಎಂದು ದೇಶಕ್ಕೆ ಗೊತ್ತಾಗುವುದು ಹೀಗೆ ಸಿಕ್ಕಿದ್ದನ್ನು ಹೀಗೇ ಬರೆದರೆ ಮಾತ್ರ. ಒಂದು ಕಡೆ ಕರುಣೆಯಿಂದ ಸುಳ್ಳು ಬರೆದವನು ಇನ್ನೊಂದು ಕಡೆ ಸೋಮಾರಿತನದಿಂದ ಬರೆಯುತ್ತಾನೆ.

ಅವನು ಹೊನ್ನವ್ವನನ್ನು ಬೇವಿನ ನೆರಳಿಗೆ ಕರೆದು ಕೂಡಿಸಿ ಎಲ್ಲವನ್ನೂ ವಿವರಿಸಿದ. ಕೊನೆಗೆ, "ನಿಮ್ಮ ಹೆಸರು ಬರ್ಯೂದಿಲ್ಲ ಅಕ್ಕಾರ, ಹೊಲದ ನಂಬರನೂ ಬರ್ಯೂದಿಲ್ಲ. ಈ ಲೆಕ್ಕ ನಮ್ಮ ಕಚೇರಿ ಬಿಟ್ಟು ಎಲ್ಲೂ ಹೋಗೂದಿಲ್ಲ. ನಾ ಮಾತು ಕೊಡ್ತೀನಿ," ಎಂದ.

"ಮಾತು ಕೊಟ್ರಿ ಅಂದ್ರ ಬರಕೋರಿ," ಎಂದಳು. ಅಷ್ಟೇ ಅಲ್ಲ, ತಾನೂ ಎದ್ದು ಬಂದು ಮುಳ್ಳು ಸರಿಸಿ ದಾರಿ ಮಾಡಿಕೊಟ್ಟಳು, ಎದೆಮಟ್ಟದಲ್ಲಿ ಟೇಪು ಸುತ್ತುವಾಗ ತುದಿ ಹಿಡಿದಳು. ಎಲ್ಲಕ್ಕಿಂತ ದೊಡ್ಡದರ ಸುತ್ತಳತೆ ಅರವತ್ತೆಂಟು ಸೆಂಟಿಮೀಟರ್ ಬಂದಾಗ, ಇದಾ ಹಿರೀದು, ಎಂದು ಕಾಂಡವನ್ನು ಅಂಗೈಯಿಂದ ತಟ್ಟಿದಳು. ಏನಾದರೂ ಇದ್ದರೆ ಫೋನು ಮಾಡಿ ಎಂದು ವಿಜಯೇಂದ್ರ ತನ್ನ ನಂಬರು ಕೊಟ್ಟು ಬಂದ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಫೋನು ಬಂತು. ಅವರು ರಾಣೆಬೆನ್ನೂರಿನ ಕೃಷ್ಣಮೃಗದ ಕಾಡಿನಲ್ಲಿ ನೀಲಗಿರಿ ಮರಗಳನ್ನು ಅಳೆಯುತ್ತಿದ್ದರು. ಹೊನ್ನವ್ವ ಅಳಲೂ ಇಲ್ಲ, ಕೂಗಾಡಲೂ ಇಲ್ಲ. "ಸಾಹೇಬ್ರ, ಗಿಡಾ ಒಯ್ದಾರ್ರಿ," ಎಂದಳು. ಎಷ್ಟು ಎಂದು ಅವನು ಕೇಳಿದ. ಎಲ್ಲಾ, ಎಂದಳು.

ಅವರು ಅಲ್ಲಿಂದ ನೇರ ಹೊಲಕ್ಕೆ ಹೋದರು. ಬದುವಿನ ಮುಳ್ಳನ್ನು ಅಚ್ಚುಕಟ್ಟಾಗಿ ಒಂದು ಬದಿಗೆ ಎಳೆದಿಟ್ಟಿದ್ದರು. ಬೇವಿಗೆ, ಬನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಗರಗಸ ಬೇಕಾದಲ್ಲಿ ಮಾತ್ರ ಆಡಿತ್ತು, ನೆಲಮಟ್ಟಕ್ಕೆ. ದೊಡ್ಡವು ಮೂರರ ಬೇರನ್ನೂ ಅಗೆಯಲು ನೋಡಿ ಅರ್ಧಕ್ಕೆ ಬಿಟ್ಟಿದ್ದರು. ಬೆಳ್ಳಗಿನ ಪುಡಿ ಕರಿಮಣ್ಣಿನ ಮೇಲೆ ಚೆಲ್ಲಿ ಹೊಲವೆಲ್ಲ ಗಂಧದ ವಾಸನೆ. ಇಪ್ಪತ್ತು ವರ್ಷ ಹೆಸರೆತ್ತದೆ ಇಟ್ಟದ್ದನ್ನು ಈಗ ಹಾದಿಯಲ್ಲಿ ಹೋಗುವವರೂ ಮೂಗೆತ್ತಿ ಕೇಳುತ್ತಿದ್ದರು. ಪ್ರಭುಲಿಂಗಪ್ಪ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ. ತೆಳ್ಳನೆಯ, ನಿಧಾನದ ಮನುಷ್ಯ. ವಿಜಯೇಂದ್ರನನ್ನು ಅವನು ನೋಡಿದ್ದು ಅದೇ ಮೊದಲು. ಎದ್ದು ಕೈ ಮುಗಿದ. ಆ ಕೈಮುಗಿತವನ್ನು ತಡೆದುಕೊಳ್ಳುವುದು ವಿಜಯೇಂದ್ರನಿಗೆ ಕಷ್ಟವಾಯಿತು.

ಜೀಪಿಗೆ ಮರಳಿದ ಮೇಲೆ ಅವನು ಶಶಿಕಾಂತನನ್ನು ಕೇಳಿದ, ಈ ಜಾಗ ನಮ್ಮನ್ನು ಬಿಟ್ಟು ಯಾರಿಗೆ ಗೊತ್ತಿತ್ತು ಎಂದು. ಶಶಿಕಾಂತ ಮೊಬೈಲು ತೆಗೆದು ಒಂದು ಫೋಟೋ ತೋರಿಸಿದ.

ತಂಡಗಳು ನಿಜವಾಗಿ ಹೊಲಕ್ಕೆ ಹೋಗುತ್ತವೆಯೋ ಇಲ್ಲವೋ ಎಂಬ ಅನುಮಾನಕ್ಕೆ ಮುಖ್ಯ ಕಚೇರಿಯವರು ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ದಿನವೂ ಸಂಜೆ, ಕೆಲಸ ಮಾಡುತ್ತಿರುವ ಒಂದು ಫೋಟೋ ಹಾಕಬೇಕು. ಫೋಟೋದ ಕೆಳಗೆ ಜಾಗದ ಅಕ್ಷಾಂಶ ರೇಖಾಂಶ ತಾನಾಗಿ ಮೂಡಬೇಕು. ಮೊದಲು ಇಪ್ಪತ್ತು ಮಂದಿ ಇದ್ದ ಗುಂಪು ನೂರಾ ನಲವತ್ತಕ್ಕೆ ಬೆಳೆದಿತ್ತು. ಸಾಹೇಬರು, ಗಾರ್ಡುಗಳು, ಜೀಪಿನವರು, ಕೂಲಿಗೆ ಆಳು ಕಳಿಸುವವರು, ಯಾರು ಯಾರನ್ನು ಸೇರಿಸಿದರೋ ಯಾರಿಗೂ ತಿಳಿಯದು. ಆ ದಿನ ಶಶಿಕಾಂತ ಹಾಕಿದ ಫೋಟೋದಲ್ಲಿ ಹೊನ್ನವ್ವ ಟೇಪಿನ ತುದಿ ಹಿಡಿದು ದೊಡ್ಡ ಗಿಡದ ಪಕ್ಕ ನಿಂತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಳು. ಕೆಳಗೆ ಅಂಕಿಗಳು ಸ್ಪಷ್ಟವಾಗಿದ್ದವು. ಅದರ ಕೆಳಗೆ ಯಾರೋ ಕೈ ಮುಗಿದಿದ್ದರು, ಯಾರೋ ಹೂ ಇಟ್ಟಿದ್ದರು. "ಉತ್ತಮ ಕೆಲಸ" ಎಂದು ಬರೆದವನು ವಿಜಯೇಂದ್ರನೇ. ಆ ಸಂಜೆ ಫೋಟೋವನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ದಿನಕ್ಕೆ ಹತ್ತು ತಂಡಗಳ ಫೋಟೋ ಬರುತ್ತಿದ್ದವು, ಎಲ್ಲಕ್ಕೂ ಹಾಗೆಯೇ ಬರೆಯುತ್ತಿದ್ದ.

ಶಶಿಕಾಂತ ಅದನ್ನು ಅಳಿಸಲು ನೋಡಿದ. ಅವನ ಮೊಬೈಲಿನಿಂದ ಮಾತ್ರ ಹೋಯಿತು. ಯಾರ ಯಾರ ಮೊಬೈಲಿನಲ್ಲಿ ಉಳಿದಿತ್ತೋ, ಅದನ್ನು ಅಳಿಸುವ ದಾರಿ ಇರಲಿಲ್ಲ. ಕಳ್ಳರಿಗೆ ದಾರಿ ತೋರಿಸಿದ್ದು ಈ ಫೋಟೋವೇ ಎಂದು ಹೇಳುವುದಕ್ಕೂ ಆಗದು. ಕಾಯಿ ಬಿಡಿಸುವ ಆಳುಗಳು ನೋಡಿದ್ದರು, ಗಾಳಿ ಬೀಸಿದಾಗ ಹಾದಿಹೋಕರಿಗೆ ಕಂಡಿದ್ದೀತು. ಅಲ್ಲವೆಂದೂ ಹೇಳಲಾಗದು.

ವಿಜಯೇಂದ್ರ ಹಿಂದಕ್ಕೆ ಹೋಗಿ ಹೊನ್ನವ್ವನಿಗೆ ಆ ಫೋಟೋದ ಸಂಗತಿಯನ್ನು ಇದ್ದ ಹಾಗೆ ಹೇಳಿದ. ಅವಳಿಗೆ ಮೊದಲು ತಿಳಿಯಲಿಲ್ಲ. ಎರಡನೆಯ ಸಲ ಹೇಳಿದಾಗ ತಿಳಿಯಿತು.

"ನನ್ನ ಮುಖಾ ತೋರಿಸಿ ಒಯ್ದಾರಂದ್ರ," ಎಂದಳು. ಆಮೇಲೆ ಅವನ ಜೊತೆ ಮಾತಾಡಲಿಲ್ಲ.

ಠಾಣೆಯಲ್ಲಿ ದೂರು ಕೊಡುವಾಗ ನಿಜವಾದ ತೊಂದರೆ ಎದುರಾಯಿತು. ಅಲ್ಲಿಯ ಅಧಿಕಾರಿ ಕೆಟ್ಟವನಲ್ಲ. ಪ್ರಭುಲಿಂಗಪ್ಪನನ್ನು ಕುರ್ಚಿಯ ಮೇಲೆ ಕೂಡಿಸಿಯೇ ಮಾತಾಡಿಸಿದ. ಆದರೆ ಉತಾರ ನೋಡಿ, ಇದರಾಗ ಗಂಧದ ಗಿಡಾನ ಇಲ್ಲಲ್ಲ, ಎಂದ. ಕಳವಾಗಿದೆ ಎನ್ನಬೇಕಾದರೆ ಮೊದಲು ಇತ್ತು ಎನ್ನಬೇಕು. ಬೊಡ್ಡೆ ಇವೆಯಲ್ಲ ಎಂದರೆ, ಬೊಡ್ಡೆ ಯಾರ ಕೈಯಿಂದಾದವು ಎಂಬುದೇ ಪ್ರಶ್ನೆ ಎಂದ. ಒಡೆಯರೇ ಗುಟ್ಟಾಗಿ ಮಾರಿ ಆಮೇಲೆ ಕಳವಾಯಿತೆಂದು ಬರುವುದನ್ನು ಅವನು ಬಹಳ ಕಂಡಿದ್ದ. ದೂರನ್ನು ಇಟ್ಟುಕೊಂಡು, ನಾಳೆ ಮತ್ತೆ ಬರಲು ಹೇಳಿದ. ನಾಳೆ ಹೋದರೆ ನಾಡಿದ್ದು ಬರಲು ಹೇಳಿದ. ಮೂರನೆಯ ದಿನ ಕೇಳಿದ ಪ್ರಶ್ನೆಗಳು ದೂರು ಕೊಟ್ಟವನಿಗೆ ಕೇಳುವ ಪ್ರಶ್ನೆಗಳಾಗಿರಲಿಲ್ಲ.

ಅಂದು ಸಂಜೆ ಪ್ರಭುಲಿಂಗಪ್ಪ ಹಾವೇರಿಗೆ ಬಂದು, ಕೇಳುತ್ತ ಕೇಳುತ್ತ ವಿಜಯೇಂದ್ರನ ಮನೆ ಹುಡುಕಿದ. ಹರಿಪ್ರಿಯಾ ಕೊಟ್ಟ ಚಹಾ ಆರಿತು. "ನೀವು ಬರಕೊಂಡ ಕಾಗದದ ಒಂದು ನಕಲು ಕೊಡ್ರಿ ಸರ. ಹನ್ನೊಂದು ಇದ್ದೂ, ಹದಿನಾಲ್ಕನೇ ತಾರೀಕಿಗೆ ಹಸರಾಗಿ ನಿಂತಿದ್ದೂ ಅನ್ನೂದಷ್ಟ ಸಾಕು. ನಾ ಮಾರಿಲ್ಲ ಅನ್ನಾಕ ನನ್ನ ಕಡೆ ಬ್ಯಾರೆ ಏನೂ ಇಲ್ಲ," ಎಂದ.

ಹೌದು, ಆ ಗಿಡಗಳು ಇದ್ದವೆಂಬುದಕ್ಕೆ ಈ ಲೋಕದಲ್ಲಿ ಇದ್ದ ಒಂದೇ ದಾಖಲೆ ವಿಜಯೇಂದ್ರನ ಕಚೇರಿಯದು. ಪ್ರತಿ ಗಿಡದ ಸುತ್ತಳತೆ, ಎತ್ತರ, ಗೂಟದಿಂದ ಎಷ್ಟು ದೂರ, ಯಾವ ದಿಕ್ಕು, ಎಲ್ಲ ಅದರಲ್ಲಿತ್ತು. ಅವನು ಮರುದಿನವೇ ಮುಖ್ಯ ಕಚೇರಿಗೆ ಫೋನು ಮಾಡಿದ. ಅಲ್ಲಿಯ ಮೇಲಧಿಕಾರಿ ಒಂದು ಕಾಲದಲ್ಲಿ ಅವನ ಕೈಕೆಳಗೆ ಕೆಲಸ ಕಲಿತ ಹೆಣ್ಣುಮಗಳು, ಅವನ ಮೇಲೆ ಗೌರವ ಇದ್ದವಳು. ಸಮಾಧಾನದಿಂದ ಕೇಳಿಸಿಕೊಂಡು, ಎರಡು ದಿನ ಬಿಟ್ಟು ತಾನೇ ಫೋನು ಮಾಡಿದಳು. ಆಗುವುದಿಲ್ಲ, ಯಾವ ಕಾರಣಕ್ಕೂ ಕೊಡಬಾರದು ಎಂದು ಬರೆದಿದೆ, ಎಂದಳು. ಬರೆದವರು ಯಾರೆಂದು ಇಬ್ಬರೂ ಹೇಳಲಿಲ್ಲ. ಒಂದು ಕಡೆ ಕೊಟ್ಟರೆ ನಾಳೆ ನೂರು ಕಡೆ ಕೇಳುತ್ತಾರೆ, ಆಮೇಲೆ ಯಾವ ರೈತನೂ ನಮ್ಮನ್ನು ಹೊಲಕ್ಕೆ ಬಿಡುವುದಿಲ್ಲ, ಎಂದಳು. ಅದು ನಿಜವೇ ಆಗಿತ್ತು. ಸಭೆಯಲ್ಲಿ ಅವನೇ ಹಾಗೆಂದು ವಾದಿಸಿದ್ದ. ಫೋಟೋದ ಗುಂಪಿನ ಬಗ್ಗೆ ಕೇಳಿದ್ದಕ್ಕೆ, ಅದನ್ನು ಮುಚ್ಚಿಸಿದ್ದೇವೆ ಎಂದಳು.

ನಾಲ್ಕು ದಿನ ಅವನು ತಾಳಿದ. ಐದನೆಯ ದಿನ ಮನೆಯಲ್ಲಿ ಬಿಳಿ ಹಾಳೆಯ ಮೇಲೆ, ಇಂಥ ದಿನ ಇಂಥ ಹೊಲದ ಬದುವಿನಲ್ಲಿ ಹನ್ನೊಂದು ಗಂಧದ ಗಿಡಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಳೆದಿದ್ದೇನೆ, ಎಂದು ಬರೆಯತೊಡಗಿದ. ಹರಿಪ್ರಿಯಾ ಹತ್ತಿರ ಬಂದು ಓದಿದಳು. ನೌಕರಿ ಇನ್ನೂ ಏಳು ವರ್ಷ ಇದೆ ಎಂದು ನೆನಪಿಸಿದಳು. ಗೊತ್ತಿದೆ ಎಂದ. ಅವಳು ಇನ್ನೇನೂ ಹೇಳದೆ, ತಾರೀಕು ಬರೆಯುವುದನ್ನು ಮರೆತಿದ್ದನ್ನು ಬೆರಳಿಟ್ಟು ತೋರಿಸಿದಳು.

ಪ್ರಭುಲಿಂಗಪ್ಪನ ಜೊತೆ ಹೋಗಿ ವಿಜಯೇಂದ್ರ ಕೊಟ್ಟ ಆ ಹಾಳೆಯನ್ನು ಠಾಣೆಯ ಅಧಿಕಾರಿ ಎರಡು ಸಲ ಓದಿದ. ಆಮೇಲೆ ಪ್ರಭುಲಿಂಗಪ್ಪನ ಕಡೆ ತಿರುಗಿದ. "ಅಂದ್ರ ಗಂಧದ ಗಿಡಾ ಇದ್ದದ್ದು ಖರೇ. ನಿಮಗ ಇಪ್ಪತ್ತು ವರ್ಷದಿಂದ ಗೊತ್ತಿದ್ದದ್ದೂ ಖರೇ. ಸರಕಾರಕ್ಕ ತಿಳಿಸಲಿಲ್ಲ. ಯಾಕ?"

ವಿಜಯೇಂದ್ರ ಎದ್ದು ನಿಂತು ಏನೋ ಹೇಳಹೋದ. ಅಧಿಕಾರಿ ಕೈ ಅಡ್ಡ ಮಾಡಿ, ನಿಮ್ಮದು ಮುಗೀತ್ರಿ ಸರ, ನೀವು ಖರೇ ಹೇಳೀರಿ, ನಿಮ್ಮ ಉಪಕಾರ, ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ.

ಆ ಹಾಳೆಯಿಂದ ಆದದ್ದು ಇಷ್ಟು. ಗಿಡ ಇದ್ದೂ ತಿಳಿಸಲಿಲ್ಲವೆಂದು ಪ್ರಭುಲಿಂಗಪ್ಪನ ಮೇಲೆ ಬೇರೆ ವಿಚಾರಣೆ ಹೂಡಿದರು. ಅದು ಮುಗಿಯುವತನಕ ಪ್ರತಿ ಸೋಮವಾರ ಠಾಣೆಗೆ ಬಂದು ರುಜು ಮಾಡಬೇಕೆಂದರು. ಹಾಳೆಯಲ್ಲಿ, ಅಂದು ಸ್ಥಳದಲ್ಲಿದ್ದವರು ಎಂದು ಮೂರು ಹೆಸರು ಬರೆದಿತ್ತು. ಅದನ್ನು ಹಿಡಿದು ಅಲ್ಲಾವುದ್ದೀನನನ್ನು ಕರೆಸಿದರು. ಶಶಿಕಾಂತನನ್ನು ಒಂದು ತಾಸು ಕೂಡಿಸಿ ಕಳಿಸಿದವರು ಅಲ್ಲಾವುದ್ದೀನನನ್ನು ಮೂರು ದಿನ ಬೆಳಿಗ್ಗೆಯಿಂದ ಸಂಜೆಯತನಕ ಕೂಡಿಸಿಕೊಂಡರು. ಜೀಪಿನ ಸೀಟಿನಡಿಯನ್ನೆಲ್ಲ ಮೂಸಿ ನೋಡಿದರು. ಏನೂ ಸಿಗಲಿಲ್ಲ. ನಾಲ್ಕನೆಯ ದಿನ ಅವನು ಕಚೇರಿಗೆ ಬಂದು ಜೀಪಿನ ಕರಾರು ರದ್ದು ಮಾಡಲು ಅರ್ಜಿ ಕೊಟ್ಟ. ವಿಜಯೇಂದ್ರ ಅವನ ಕೈ ಹಿಡಿದು, ತಾನು ಹೀಗಾಗುತ್ತದೆಂದು ತಿಳಿದು ಬರೆಯಲಿಲ್ಲ ಎಂದ. "ನನಗ ಗೊತ್ತೈತ್ರಿ ಸರ," ಎಂದ ಅಲ್ಲಾವುದ್ದೀನ. "ಆದ್ರ ಊರಾಗ ಮಂದಿಗೆ ಗೊತ್ತಿಲ್ಲಲ್ರಿ." ಮತ್ತೆ ಅವನು ಫೋನು ಎತ್ತಲಿಲ್ಲ.

ವಿಜಯೇಂದ್ರನಿಗೆ ನಿಯಮ ಮೀರಿದ್ದಕ್ಕೆ ಕಾರಣ ಕೇಳುವ ನೋಟೀಸು ಬಂತು. ಅವನು ಒಂದೇ ಸಾಲಿನಲ್ಲಿ ಮೀರಿದ್ದೇನೆ ಎಂದು ಉತ್ತರ ಕೊಟ್ಟ. ಅವನನ್ನು ಹೊಲದ ಕೆಲಸದಿಂದ ತೆಗೆದು ಹಾವೇರಿಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂಡಿಸಿದರು. ಜಿಲ್ಲೆಯ ತಂಡಗಳು ಕಳಿಸುವ ಅಳತೆಗಳನ್ನು ಪರಿಶೀಲಿಸಿ ಒಪ್ಪಿಗೆ ಒತ್ತುವುದು ಅವನ ಪಾಲಿಗೆ ಬಂತು.

ಲೆಕ್ಕ ಸರಿ ಇದೆಯೇ ಎಂದು ನೋಡಲು ಹತ್ತರಲ್ಲಿ ಒಂದು ಜಾಗವನ್ನು ಬೇರೆ ತಂಡದಿಂದ ಮತ್ತೆ ಅಳೆಸುವ ಪದ್ಧತಿ ಇತ್ತು. ಅದನ್ನೂ ಚೀಟಿ ಎತ್ತಿಯೇ ಆರಿಸುವುದು. ಏಪ್ರಿಲ್ ತಿಂಗಳಲ್ಲಿ ಮೋಟೆಬೆನ್ನೂರಿನ ಹೊಲ ಆ ಚೀಟಿಯಲ್ಲಿ ಬಂತು. ಹೊಸ ತಂಡದವರು ಹೋಗಿ ಅಳೆದು ಕಳಿಸಿದ್ದು ಒಂದು ಮಧ್ಯಾಹ್ನ ಅವನ ಪರದೆಯ ಮೇಲೆ ತೆರೆದುಕೊಂಡಿತು. ಬೇವು, ಬೇವು, ಬನ್ನಿ. ಅದರ ಕೆಳಗೆ ಬೊಡ್ಡೆ, ಬೊಡ್ಡೆ, ಬೊಡ್ಡೆ, ಹನ್ನೊಂದು ಸಾಲು. ಒಂದೊಂದರ ಅಡ್ಡಳತೆಯನ್ನೂ ಮಿಲಿಮೀಟರಿನ ತನಕ ತೆಗೆದಿದ್ದರು. ಕಾರಣ ಎಂಬ ಕಾಲಂನಲ್ಲಿ "ತಿಳಿಯದು" ಎಂದಿತ್ತು. ಎಲ್ಲಿಯೂ ತಪ್ಪಿರಲಿಲ್ಲ. ಎಷ್ಟು ಚೊಕ್ಕವಾಗಿ ಅಳೆದಿದ್ದಾರೆ ಎಂದು ಅವನ ಹಳೆಯ ಕಣ್ಣು ಮೆಚ್ಚಿಯೂ ಮೆಚ್ಚಿತು, ಆ ಮೆಚ್ಚಿಕೆಗೆ ಅವನಿಗೇ ಅಸಹ್ಯವಾಯಿತು. ವಾಪಸು ಕಳಿಸಲು ಯಾವ ಕಾರಣವೂ ಇರಲಿಲ್ಲ. ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಕಳೆದ ಮೇಲೆ ಒಪ್ಪಿಗೆ ಒತ್ತಿದ.

ಅದೇ ವಾರದಿಂದ ಅವನು ಸೋಮವಾರ ರಜೆ ಹಾಕಿ ಠಾಣೆಗೆ ಹೋಗತೊಡಗಿದ. ಪ್ರಭುಲಿಂಗಪ್ಪ ಹತ್ತು ಗಂಟೆಗೆ ಬರುತ್ತಿದ್ದ. ರುಜು ಮಾಡಿಸಿಕೊಳ್ಳುವ ಪುಸ್ತಕ ಹೊರಗೆ ಬರಲು ಕೆಲವೊಮ್ಮೆ ಮಧ್ಯಾಹ್ನವಾಗುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂಡುತ್ತಿದ್ದರು. ಮಾಡಲು ಏನೂ ಇರಲಿಲ್ಲ. ವಕೀಲರನ್ನು ಕಂಡಾಗಿತ್ತು, ಮೇಲಿನವರಿಗೆ ಬರೆದಾಗಿತ್ತು, ಬರೆದದ್ದಕ್ಕೆ ಸ್ವೀಕೃತಿಯೂ ಬಂದಿತ್ತು. ಕಳ್ಳರ ಸುಳಿವು ಸಿಕ್ಕಿರಲಿಲ್ಲ. ಒಮ್ಮೆ ಪ್ರಭುಲಿಂಗಪ್ಪ ಈ ಸಲದ ಹತ್ತಿಯ ವಿಚಾರ ಹೇಳಿದ, ಒಮ್ಮೆ ಗಳಗನಾಥದ ಕಡೆ ಹೊಳೆ ಬತ್ತಿದ್ದನ್ನು ಹೇಳಿದ. ಹೊನ್ನವ್ವ ಹೇಗಿದ್ದಾಳೆಂದು ವಿಜಯೇಂದ್ರ ಕೇಳಿದರೆ, ಅದಾಳ್ರಿ, ಎನ್ನುತ್ತಿದ್ದ. ಬದುವಿನ ಆ ಕಡೆ ಅವಳು ಹೋಗುವುದನ್ನೇ ಬಿಟ್ಟಿದ್ದಾಳೆಂದು ಮೂರನೆಯ ಸೋಮವಾರ ತಿಳಿಯಿತು.

ಐದನೆಯ ಸೋಮವಾರ ಪ್ರಭುಲಿಂಗಪ್ಪ ಬೆಂಚಿನ ಮೇಲೆ ಕೂಡಲಿಲ್ಲ. ನಿಂತುಕೊಂಡೇ, ಟವೆಲಿನಿಂದ ಮುಖ ಒರೆಸಿಕೊಂಡ.

"ನೀವು ಬರಬ್ಯಾಡ್ರಿ ಸರ," ಎಂದ. "ಸಿಟ್ಟಿಲ್ಲ ನನಗ. ಒಳಗಿನವರು ಕೇಳಾಕತ್ಯಾರ, ಆ ಮನಷ್ಯಾ ಯಾಕ ಬರ್ತಾನ, ನಿಮಗೂ ಅವಂಗೂ ಏನು ಸಂಬಂಧ ಅಂತ. ನಾ ಏನು ಹೇಳಲಿ? ನೀವು ಬಂದು ಕುಂತಷ್ಟೂ ಅವ್ರಿಗೆ ಇನ್ನೂ ಏನೋ ಐತಿ ಅನ್ನಿಸ್ತೈತಿ."

ವಿಜಯೇಂದ್ರ ತಲೆಯಾಡಿಸಿದ. ಅವನಲ್ಲಿ ಕ್ಷಮೆ ಕೇಳಬೇಕೆಂದಿದ್ದವನು ಕೇಳಲಿಲ್ಲ. ಕೇಳಿದರೆ ಪ್ರಭುಲಿಂಗಪ್ಪ ಸಂಕೋಚಪಟ್ಟು, ಹಾಗೇನಿಲ್ರಿ ಎಂದು ಅವನನ್ನೇ ಸಮಾಧಾನ ಮಾಡಬೇಕಾಗುತ್ತಿತ್ತು. ಆ ಕೆಲಸವನ್ನೂ ಆ ಮನುಷ್ಯನ ಮೇಲೆ ಹೊರಿಸುವುದು ಬೇಡವೆನಿಸಿತು. ಅವನು ಬೆಂಚಿನಿಂದ ಎದ್ದು ಚೀಲ ಹೆಗಲಿಗೆ ಹಾಕಿಕೊಂಡ. ಪ್ರಭುಲಿಂಗಪ್ಪ ಅವನನ್ನು ಗೇಟಿನತನಕ ಕಳಿಸಲು ಬಂದವನು, ಒಳಗಿನಿಂದ ಯಾರೋ ತನ್ನ ಹೆಸರು ಕರೆದದ್ದು ಕೇಳಿ ಅಲ್ಲಿಂದಲೇ ತಿರುಗಿ ಓಡುನಡಿಗೆಯಲ್ಲಿ ಹೋದ. ರಸ್ತೆಯಲ್ಲಿ ಬಿಸಿಲು ಏರಿತ್ತು. ಹಾವೇರಿಯ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.